ಅಕ್ಕೋರ ಶೀಶೆ, ನನ್ನ ಉಪ್ಪು

ಅಕ್ಕೋರು ಸರಿಯಾಗಿ ಕೂತದ್ದನ್ನು ನಾನು ಕಂಡದ್ದು ಎರಡೋ ಮೂರೋ ಸಲ. ಚಾ ಕುಡಿಯುವುದು ನಿಂತೇ. ಫೋನಿನಲ್ಲಿ ಮಾತಾಡುವುದು ಅಂಗಳ ಸುತ್ತುತ್ತ. ಪೇಪರು ಓದುವಾಗಲೂ ಒಂದು ಕಾಲು ಜಗಲಿಯ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ. ಅಘನಾಶಿನಿಯ ನಮ್ಮ ಮನೆಯ ಮುಂದಿನ ಎರಡು ಕೋಣೆಯಲ್ಲಿ ನಾಲ್ಕು ವರ್ಷ ಬಾಡಿಗೆಗೆ ಇದ್ದರು. ಅಷ್ಟು ವರ್ಷವೂ ನಾನು ಕೊಟ್ಟ ಕುರ್ಚಿಯ ಮೇಲೆ ಕೂತದ್ದು ಅವರ ಚೀಲ.

“ಕೂತ್ಕಳಿ ಅಕ್ಕೋರೆ, ಕುರ್ಚಿ ಎಂತ ಕಚ್ಚೂದಿಲ್ಲ,” ಅಂದರೆ, “ಕೂತ್ರೆ ಎಂತದೋ ಬಿಟ್ಟು ಹೋದಾಂಗೆ ಆಗ್ತದೆ ಅಮ್ಮ,” ಅನ್ನುತ್ತಿದ್ದರು.

ಅವರು ಮೊನ್ನೆ ರಿಟೈರ್ ಆದರು. ಆ ದಿನದಿಂದ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಶಾಲೆ ಮೂರನೆ ಇಯತ್ತೆಗೆ ಮುಗಿಯಿತು. ಅಕ್ಷರ ತಪ್ಪಿದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಮಾತು ನನ್ನದು.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುತ್ತೇವೆ. ಇವರು ಹೊನ್ನಾವರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನಾನು ಹೊಳೆಯಲ್ಲಿ ಇಳಿತದ ಹೊತ್ತು ಬೆಳಚು ಹೆಕ್ಕಿ, ಕುಮಟೆ ಪೇಟೆಯಲ್ಲಿ ಮೀನಿನ ಜೊತೆ ಮಾರುವವಳು. ಬೆಳಚು ಅಂದರೆ ಮರಳಿನೊಳಗೆ ಬಾಯಿ ಮುಚ್ಚಿಕೊಂಡು ಕೂತಿರುವ ಚಿಪ್ಪಿನ ಜೀವ. ಗಸಿ ಮಾಡಿದರೆ ಅದರ ರುಚಿ ಬೇರೆ ಯಾವುದಕ್ಕೂ ಇಲ್ಲ.

ಮೊದಲ ಸಲ ಕಂಡದ್ದು ಮರಳ ದಿಬ್ಬದ ಮೇಲೆ. ಸೀರೆ ಎತ್ತಿ ಕಟ್ಟಿ, ಬಕೆಟ್ ಹಿಡಿದು, ಮೊಣಕಾಲ ನೀರಲ್ಲಿ ಬಂದರು.

“ಇದು ಎಲ್ಲಿ ಹೆಕ್ಕಿದ್ದು ಅಮ್ಮ? ಹಳ್ಳದ ಬಾಯಲ್ಲೋ, ಅಳಿವೆ ಕಡೆಯೋ?”

“ಎಲ್ಲಿದಾದ್ರೆ ಎಂತ, ಗಸಿಗೆ ಎರಡೂ ಒಂದೇಯ.”

“ನಾನು ತಿನ್ನೂದಿಲ್ಲ.”

“ಮತ್ತೆಂತಕೆ ಬೇಕು?”

“ಒಳಗೆ ನೋಡೂಕೆ.”

ನಾವು ಆರೇಳು ಹೆಂಗಸರು ಇದ್ದೆವು, ನೀರಲ್ಲಿ ಬೀಳುವಷ್ಟು ನಕ್ಕೆವು. ತಿನ್ನದೆ ಇರುವವರು ಬೆಳಚಿನ ಒಳಗೆ ಎಂತ ನೋಡುತ್ತಾರೆ? ಅವರು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಹಳ್ಳದ ಬಾಯಿಯದ್ದು ಒಂದು ಬಕೆಟ್, ಹೊಳೆ ಕಡಲಿಗೆ ಸೇರುವ ಅಳಿವೆಯದ್ದು ಒಂದು ಬಕೆಟ್ ಬೇರೆ ಬೇರೆ ಮಾಡಿಸಿಕೊಂಡು, ಎರಡಕ್ಕೂ ಚೀಟಿ ಅಂಟಿಸಿ ಹೋದರು. ಮುಂದಿನ ತಿಂಗಳು ಮನೆ ಕೇಳಿಕೊಂಡು ಬಂದರು.

ಮೀನು ಮುಟ್ಟದ ಅಡಿಕೆ ತೋಟದ ಮನೆಯವರು. ತಾಯಿಯ ಜೊತೆ ಫೋನಿನಲ್ಲಿ ಅವರ ಮನೆಯ ಮಾತೇ ಬೇರೆ. “ಇಲ್ಲೆ ಆಯಿ, ತಿನ್ನದಿಲ್ಲೆ. ಬರೀ ಕೊಯ್ದು ನೋಡದು. ಹಂ, ಮಿಂದ್ಕಂಡೇ ಬತ್ತೆ.” ಬೆಳಚು ಮುಟ್ಟಿದ ಕೈಯಲ್ಲಿ ಊರಿಗೆ ಹೋದರೆ ತಾಯಿ ಮೊದಲು ಬಾವಿಕಟ್ಟೆಗೆ ಅಟ್ಟುತ್ತಿದ್ದರಂತೆ. ನನ್ನ ಸೊಸೆ ಕಿಚಾಯಿಸುತ್ತಿದ್ದಳು: “ಅಕ್ಕೋರೆ, ನಾವು ಕೊಂದು ತಿಂತೆವು. ನೀವು ಕೊಂದು ಬಿಸಾಡ್ತ್ರಿ. ಪಾಪ ಯಾರಿಗೆ ಹೆಚ್ಚು?” ಅದಕ್ಕೆ ಅವರು ತುಸು ಯೋಚಿಸಿ, “ನನಗೇ ಇರ್ಬೇಕು,” ಅಂದರು. ಆ ದಿನದಿಂದ ಸೊಸೆ ಕಿಚಾಯಿಸುವುದು ಬಿಟ್ಟಳು. ಒಪ್ಪಿಕೊಂಡವರ ಜೊತೆ ಎಂತ ತಮಾಷೆ?

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಅವರ ಅಭ್ಯಾಸ. ಇಷ್ಟು ಓದಿದವರು ಅಷ್ಟು ಸಲ ಗೊತ್ತಿಲ್ಲ ಅನ್ನುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. “ನೋಡದೆ ಹೇಳ್ಬಾರ್ದು,” ಇದು ದಿನಕ್ಕೆ ನಾಲ್ಕು ಸಲ. ಅನ್ನ ಬೆಂದಿದೆಯಾ ಅಂತ ಕೇಳಿದರೂ ಮುಚ್ಚಳ ತೆಗೆದು ನೋಡಿಯೇ ಹೌದು ಅನ್ನುವವರು. ನನಗೆ ಒಮ್ಮೊಮ್ಮೆ ತಲೆ ಕೆಡುತ್ತಿತ್ತು.

ಅವರು ಹುಡುಕುತ್ತಿದ್ದದ್ದು ಎಂತ ಅಂತ ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಒಂದು ದಿನ ನಾನು ಬಲೆ ಸರಿ ಮಾಡುತ್ತ ಕೂತಾಗ ಹೇಳಿದರು. ಎಲ್ಲ ಜೀವದ ಒಂದೊಂದು ಕಣದೊಳಗೂ ಒಂದು ನೂಲು ಉಂಟಂತೆ, ಡಿಎನ್‌ಎ ಅಂತ. ಬಿಸಿಲಿಗೆ, ವಿಷಕ್ಕೆ, ಕೊಳಕು ನೀರಿಗೆ ಅದು ಹರಿಯುತ್ತದೆ. ಹರಿದ ಕೂಡಲೇ ಆ ಜಾಗದ ಒಂದು ಪ್ರೋಟೀನಿಗೆ ಗುರುತು ಬೀಳುತ್ತದೆ, ದುರಸ್ತಿಗೆ ಬರುವವರಿಗೆ ಗೊತ್ತಾಗಲಿ ಅಂತ.

“ಬಲೆ ಹರಿದಲ್ಲಿ ನಾವು ಚಿಂದಿ ಕಟ್ಟಿ ಬಿಡ್ತೆವಲ್ಲ, ದಡಕ್ಕೆ ಬಂದ ಮೇಲೆ ಹೊಲಿಯೂಕೆ? ಹಾಂಗಾ?”

ಅವರು ಅಂಗಳ ಸುತ್ತುವುದನ್ನು ನಿಲ್ಲಿಸಿದರು. “ಹಾಂಗೇ ಅಮ್ಮ. ಸರೀ ಹಾಂಗೇ. ಆ ಚಿಂದಿ ಕಣ್ಣಿಗೆ ಕಾಣೂದಿಲ್ಲ. ಅದನ್ನ ಹುಡುಕಿ ಹಿಡಿಯೂಕೆ ಒಂದು ಮದ್ದು ಉಂಟು. ಆಂಟಿಬಾಡಿ ಅಂತ. ಅದು ಬೇರೆ ಯಾವುದನ್ನೂ ಮುಟ್ಟೂದಿಲ್ಲ, ಚಿಂದಿಯನ್ನೇ ಹಿಡೀತದೆ. ಹಿಡಿದಲ್ಲಿ ಹಸಿರು ಬೆಳಕು ಕಾಣ್ತದೆ.”

ಆ ಮದ್ದು ಮೊಲದ ರಕ್ತದಿಂದ ತೆಗೆದದ್ದು. ಪರದೇಶದಿಂದ ಬರಬೇಕು. ಮನುಷ್ಯರ ಕಣಕ್ಕೆಂದು ಮಾಡಿದ್ದು ಬೆಳಚಿನಲ್ಲೂ ಹಿಡಿಯುತ್ತದೋ ಇಲ್ಲವೋ ಅಂತ ನೋಡುವುದರಲ್ಲೇ ಅವರ ಮೊದಲ ಶೀಶೆಗಳು ಮುಗಿದಿದ್ದವು. ಹಿಡಿಯುತ್ತದೆ ಅಂತ ಖಾತ್ರಿಯಾದ ಮೇಲೆ ಕೊನೆಯದೊಂದು ತರಿಸಿದರು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂತು. ಕೊರಿಯರಿನ ಭಟ್ಕಳದ ಚಾಲಕ ಪೆಟ್ಟಿಗೆಯನ್ನು ಬಿಸಿಲಲ್ಲಿ ಇಟ್ಟು ಬೀಡಿ ಸೇದುತ್ತಿದ್ದ. ಅಕ್ಕೋರು ಹಿಂದೆ ಭಟ್ಕಳದಲ್ಲಿ ಕೆಲಸ ಮಾಡಿದವರು, ಅಲ್ಲಿಯ ನವಾಯತಿ ಮಾತು ಬರುತ್ತಿತ್ತು. ಅವನ ಮಾತಿನಲ್ಲೇ ಅವನಿಗೆ ಕೊಟ್ಟ ಬೈಗುಳ ನನಗೆ ಒಂದೂ ತಿಳಿಯಲಿಲ್ಲ. ಅವನು ಮಾತ್ರ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎತ್ತಿ ಒಳಗೆ ತಂದಿಟ್ಟ.

ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಕಿರುಬೆರಳಿನ ತುದಿಯಷ್ಟು ಶೀಶೆ. ಅದರೊಳಗೆ ನಾಲ್ಕು ಹನಿ.

ಆ ನಾಲ್ಕು ಹನಿಯ ಮೇಲೆ, ನಮ್ಮಲ್ಲಿಗೆ ಬರುವ ಮೊದಲಿನದ್ದೂ ಸೇರಿ, ಅವರ ಆರು ವರ್ಷದ ಕೆಲಸ ನಿಂತಿತ್ತು. ಪಿಎಚ್‌ಡಿ ಬರೆದು ಕೊಡುವ ಗಡುವನ್ನು ಯೂನಿವರ್ಸಿಟಿಯವರು ಒಮ್ಮೆ ಮುಂದೆ ಹಾಕಿದ್ದರು, ಇನ್ನು ಹಾಕುವುದಿಲ್ಲ ಅಂದಿದ್ದರು. ಮಳೆ ಬಿದ್ದು ಹೊಳೆಗೆ ಸಿಹಿನೀರು ನುಗ್ಗುವ ಮೊದಲು ಎಲ್ಲ ಜಾಗದ ಬೆಳಚು ತೆಗೆದು, ಅದರ ಕಣಗಳನ್ನು ಗಾಜಿನ ಮೇಲೆ ಅಂಟಿಸಿ, ಎಲ್ಲಕ್ಕೂ ಒಂದೇ ದಿನ ಒಂದೇ ಮದ್ದು ಹಾಕಬೇಕು. ಆಗ ಮಾತ್ರ ಹೋಲಿಸಿ ನೋಡಲು ಬರುತ್ತದೆ.

ಶೀಶೆಯನ್ನು ಕಾಲೇಜಿನಲ್ಲಿ ಇಡಲಿಲ್ಲ. ಅಲ್ಲಿ ರಜೆ ಬಂದರೆ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುತ್ತಾರೆ. ನಮ್ಮ ಮನೆಯ ಕೋಣೆಯಲ್ಲಿ ಅವರದ್ದೊಂದು ಸಣ್ಣ ಫ್ರಿಜ್ ಇತ್ತು. ಅದರೊಳಗೆ ಒಂದು ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಶೀಶೆ.

ಮೇ ತಿಂಗಳ ಕೊನೆಗೆ ಗಾಳಿ ಎದ್ದಿತು. ಮರ ಬಿದ್ದು ರಸ್ತೆ ಕಟ್ಟಿತು, ಕಂಬ ಮುರಿದು ಕರೆಂಟ್ ಹೋಯಿತು. ಅಕ್ಕೋರು ಪರೀಕ್ಷೆಯ ಕೆಲಸಕ್ಕೆ ಹೊನ್ನಾವರದಲ್ಲಿ ಸಿಕ್ಕಿಬಿದ್ದರು. ಬೆಳಿಗ್ಗೆ ಫೋನ್ ಬಂತು.

“ಅಮ್ಮ, ಆ ಡಬ್ಬಿ ತಣ್ಣಗಿರ್ಬೇಕು. ಐಸ್ ಸಿಕ್ತದಾ?”

“ಮೀನು ಮಾರೂ ಮನೆಲಿ ಐಸು ಸಿಕ್ತದಾ ಕೇಳ್ತ್ರಿ ನೀವು. ನಾ ನೋಡ್ಕಂತೆ, ಬಿಡಿ.”

ನೋಡಿಕೊಂಡೆ. ಮೀನಿನ ಪೆಟ್ಟಿಗೆ ತೊಳೆದು, ಐಸು ಕುಟ್ಟಿ ಒಂದು ಹಾಸು ಹಾಕಿದೆ. ಮೇಲೆ ಎರಡು ಹಿಡಿ ಕಲ್ಲುಪ್ಪು ಎರಚಿದೆ. ನಡುವೆ ಡಬ್ಬಿ ಹುಗಿದು ಮತ್ತೆ ಐಸು, ಮತ್ತೆ ಉಪ್ಪು. ದೂರದ ಪೇಟೆಗೆ ಹೋಗುವ ಇಸವಾಣ ಮೀನಿಗೆ ನಾವು ಹೀಗೇ ಮಾಡುವುದು. ಬರೀ ಐಸಿಗಿಂತ ಉಪ್ಪು ಬಿದ್ದ ಐಸು ಬಹಳ ತಣ್ಣಗೆ, ಕೈ ಇಟ್ಟರೆ ಉರಿಯುತ್ತದೆ. ಎರಡು ದಿನ ಹಾಗೇ ನಡೆಸಿದೆ. ಕರೆಂಟ್ ಬಂದ ಮೇಲೆ ಡಬ್ಬಿ ಒರೆಸಿ ಫ್ರಿಜ್‌ನೊಳಗೆ ಇಟ್ಟೆ. ನನಗೆ ನನ್ನ ಮೇಲೇ ಹೆಮ್ಮೆ.

ಅಕ್ಕೋರು ಬಂದು ಡಬ್ಬಿ ಮುಟ್ಟಿ ನೋಡಿದರು. “ಉಳೀತು ಅಮ್ಮ. ನೀವಿಲ್ದಿದ್ರೆ ಹೋಗ್ತಿತ್ತು,” ಅಂದರು. ನಾನು ಬೀಗಿದೆ.

ಅದೇ ವಾರ ಗಾಜುಗಳನ್ನೆಲ್ಲ ಕಾಲೇಜಿಗೆ ಒಯ್ದು ಮದ್ದು ಹಾಕಿದರು. ಅವರ ಪದ್ಧತಿಯೊಂದು ಇತ್ತು. ಕೆಲವು ಬೆಳಚಿಗೆ, ಗಾಯ ತೊಳೆಯುವ ನೊರೆ ಬರುವ ಔಷಧಿ ಹಾಕಿ, ತಾವೇ ನೂಲು ಹರಿಯುವ ಹಾಗೆ ಮಾಡುತ್ತಿದ್ದರು. ಬೇರೆ ಯಾವುದು ಬೆಳಗದಿದ್ದರೂ ಅದು ಬೆಳಗಲೇಬೇಕು. ಆ ದಿನ ಅದೂ ಬೆಳಗಲಿಲ್ಲ. ಒಂದು ಗಾಜೂ ಬೆಳಗಲಿಲ್ಲ. ಮದ್ದು ಸತ್ತಿತ್ತು. ಒಮ್ಮೆ ಮದ್ದು ಹಾಕಿದ ಗಾಜು ಇನ್ನೊಂದು ಸಲಕ್ಕೆ ಬಾರದು. ಅದಾಗಿ ನಾಲ್ಕು ದಿನಕ್ಕೆ ಮಳೆ ಹಿಡಿಯಿತು.

ಆ ನಾಲ್ಕು ದಿನ ಅವರು ನಮ್ಮ ಅಂಗಳದಲ್ಲಿ ತಿರುಗಿದ್ದು ಕುಮಟೆಗೆ ಹೋಗಿ ಬರುವಷ್ಟು ದೂರ ಆಗಿರಬೇಕು. ಊಟಕ್ಕೆ ಕರೆದರೆ “ಆತು” ಅನ್ನುವುದು, ಬರದೇ ಇರುವುದು. ನಾನು ಕೇಳಿದೆ, “ಎಂತ ಆತು ಅಕ್ಕೋರೆ, ಮಾಲೇ ಕೆಟ್ಟದ್ದು ಬಂತಾ?” “ಇಲ್ಲ. ಯಾರೋ ಕೆಡಿಸಿದ್ದು. ಯಾರು ಅಂತ ನನಗೆ ಗೊತ್ತು,” ಅಂದರು. ಮುಚ್ಚಳ ತೆಗೆಯದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯಾರು ಅನ್ನುವುದು ಮರುದಿನ ತಿಳಿಯಿತು. ಅಕ್ಕೋರು ಕೆಲಸಕ್ಕೆ ಹೋದಾಗ ಕಾಲೇಜಿನ ಅಟೆಂಡರ ನಮ್ಮ ಮನೆಗೆ ಬಂದ. ಹೊನ್ನಾವರದ ಪಕ್ಕದ ಕಾಸರಕೋಡದವ, ಮೀನು ಒಣಗಿಸುವವರ ಮನೆಯವ, ತಲೆ ಅರ್ಧ ನರೆತಿತ್ತು. ಒದ್ದೆ ಕೊಡೆ ಮಡಚಲೂ ಇಲ್ಲ, ನಿಂತೇ ಹೇಳಿದ.

“ಅಮ್ಮ, ನಾ ಮುಟ್ಲಿಲ್ಲ. ಮದ್ದು ಹಾಕೂ ದಿವಸ ಮೇಡಂ ಡಬ್ಬಿ ಕಾಲೇಜಿನ ಫ್ರಿಜ್‌ನಾಗೆ ಇಟ್ಟು ಚಾ ಕುಡಿಯೂಕೆ ಹೋಗಿದ್ರು. ಹೋದ ವರ್ಷ ಒಂದ್ ಸಲ ಅವ್ರ ಡಬ್ಬಿ ಮೇಲಿನ ಐಸಿನ ಖಾನೆಗೆ ನಾನೇ ಇಟ್ಟಿದ್ದೆ, ಹೌದು. ಬೈಸ್ಕಂಡೆ. ಈ ಸಲ ಇಲ್ಲ. ಹೆಪ್ಪುಗಟ್ಟಿದ್ರೆ ಆ ಮದ್ದು ಸಾಯ್ತದಂತೆ. ನಾನೇ ಹೆಪ್ಪುಗಟ್ಟಿಸ್ದೆ ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ರು. ಇನ್ನೂ ಕಾಯಂ ಆಗ್ಲಿಲ್ಲ ನಾನು. ನಿಮ್ಮ ಮಾತು ಕೇಳ್ತ್ರು ಅವ್ರು, ಒಂದ್ ಮಾತು ಹೇಳಿ.”

ನಾನು ಕೇಳಿದೆ, “ಹೆಪ್ಪುಗಟ್ಟಿದ್ರೆ ಸಾಯ್ತದಾ? ತಣ್ಣಗಿರ್ಬೇಕು ಅಂದಿದ್ರಲ್ಲ?”

“ತಣ್ಣಗೆ ಬೇರೆ, ಹೆಪ್ಪು ಬೇರೆ ಅಂತೆ ಅಮ್ಮ.”

ಉಪ್ಪು ಎರಚಿದ ಐಸು ನನ್ನ ಕಣ್ಣ ಮುಂದೆ ಬಂತು. ಹೆಚ್ಚು ತಣ್ಣಗಾದಷ್ಟು ಒಳ್ಳೆಯದು ಅಂತ ತಿಳಿದೇ ಬದುಕಿದವಳು ನಾನು. ಅವನಿಗೆ ಚಾ ಕೊಟ್ಟೆ, ಹೇಳ್ತೆ ಅಂದೆ, ಕಳಿಸಿದೆ.

ಹೇಳಲಿಲ್ಲ. ಮೊದಲ ದಿನ ಅಕ್ಕೋರಿಗೆ ತಲೆನೋವಿದೆ ಅಂತ ನೆವ ಮಾಡಿದೆ. ಎರಡನೆಯ ದಿನ ಪೇಟೆಗೆ ಹೋಗಿ ಕೂತೆ, ಒಂದೇ ಮೀನನ್ನು ಮೂರು ಸಲ ಕೊಯ್ಯಲು ಹೋದೆ. ಗಿರಾಕಿ, “ಎಂತ ಮಾರಾಯ್ತಿ, ನಿದ್ರೆ ಮಾಡ್ಲಿಲ್ವಾ?” ಅಂದಳು. ಸೊಸೆಗೆ ಮಾತ್ರ ಹೇಳಿದೆ. ಅವಳು, “ಸುಮ್ನಿರಿ ಅತ್ತೆ. ಉಪ್ಪು ಕರಗಿ ಹೋತು, ಯಾರಿಗೆ ಗೊತ್ತಾಗ್ತದೆ?” ಅಂದಳು. ನನಗೂ ಹಾಗೇ ಅನಿಸಿತ್ತು, ಅದೇ ಹೆದರಿಕೆ ಹುಟ್ಟಿಸಿದ್ದು. ಮೂರನೆಯ ದಿನ ಮಧ್ಯಾಹ್ನ ಅಕ್ಕೋರು ಜಗಲಿಯಲ್ಲಿ ನಿಂತು ಚಾ ಕುಡಿಯುವಾಗ ಹೇಳಿಬಿಟ್ಟೆ.

“ಮದ್ದು ಸಾಯಿಸಿದ್ದು ನಾನು. ಐಸಿಗೆ ಉಪ್ಪು ಹಾಕಿದ್ದೆ.”

ಅವರು ಕೂತರು. ಚೀಲದ ಮೇಲೇ ಕೂತರು.

“ಎಷ್ಟು ಉಪ್ಪು?”

“ಎರಡು ಹಿಡಿ. ಮತ್ತೆ ಎರಡು ಹಿಡಿ.”

“ಎಷ್ಟು ಹೊತ್ತು?”

“ಎರಡು ದಿವಸ.”

ಲೆಕ್ಕ ಹಾಕುವವರ ಹಾಗೆ ತುಟಿ ಆಡಿಸಿದರು. “ಹೆಪ್ಪುಗಟ್ಟಬಾರ್ದು ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಅದು ನನ್ನ ತಪ್ಪು,” ಅಂದರು. ಮುಗಿಯಿತು ಅಂದುಕೊಂಡೆ. ಆಗ ಕೇಳಿದರು, “ಹೆಪ್ಪುಗಟ್ಟಿದ್ರೆ ಕೆಡ್ತದೆ ಅಂತ ನಿಮಗೆ ಯಾವಾಗ ಗೊತ್ತಾತು?”

“ಆ ಅಟೆಂಡರ ಬಂದಿದ್ದ. ಮೂರು ದಿವಸ ಆತು.”

ಅವರ ಮುಖ ಕೆಂಪಾಯಿತು. “ಮೂರು ದಿವಸ! ಮೂರು ದಿವಸ ಆ ಮನುಷ್ಯ ನನ್ನ ಎದುರು ತಲೆ ತಗ್ಗಿಸ್ಕಂಡು ತಿರುಗ್ತಿದ್ದ. ನಾನು ಮಾತಾಡಿಸ್ಲಿಲ್ಲ. ನೀವು ಇಲ್ಲಿ ಎಂತ ಮಾಡ್ತಾ ಇದ್ರಿ ಅಮ್ಮ?”

ಉಪ್ಪಿಗೆ ಬೈಯಲಿಲ್ಲ, ಮೂರು ದಿನಕ್ಕೆ ಬೈದರು. ನನ್ನ ಗಂಡನೂ ಹಾಗೆ ಬೈದವನಲ್ಲ. ಬೈದು ಮುಗಿಸಿ, “ಹತ್ತಿ,” ಅಂದರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅದೇ ಮಳೆಯಲ್ಲಿ ಹೊನ್ನಾವರಕ್ಕೆ ಹೊಡೆದರು. ದಾರಿಯುದ್ದಕ್ಕೂ ನಾನು ಅವರ ಸೊಂಟ ಹಿಡಿದು ಕಣ್ಣು ಮುಚ್ಚಿದ್ದೆ.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರು ಅಟೆಂಡರನನ್ನು ಕರೆಸಿದರು. ಮೈಯಿಂದ ನೀರು ಇಳಿಯುತ್ತಿತ್ತು. “ನೋಡದೆ ಹೇಳಿದೆ. ತಪ್ಪು ನಂದು. ಬರೆದು ಕೊಟ್ಟದ್ದು ವಾಪಸ್ ಕೊಡಿ,” ಅಂದರು.

“ಬಿಡಿ ಮೇಡಂ, ಆತಲ್ಲ,” ಅಂದ ಅವನು.

“ಬಿಡೂದಲ್ಲ. ಕೇಳಿದ್ರಾ ನಾನು ಹೇಳಿದ್ದು?”

“ಕೇಳ್ದೆ ಮೇಡಂ.”

ಹೊರಗೆ ಬಂದ ಮೇಲೆ ಅವನು ನನ್ನ ಹತ್ತಿರ ಮೆಲ್ಲಗೆ ಅಂದ, “ಐಸಿಗೆ ಉಪ್ಪು ಬಿದ್ರೆ ಎಂತ ಆಗ್ತದೆ ಅಂತ ನಮ್ಮ ಕಾಸರಕೋಡದಲ್ಲಿ ಕೇಳಿದ್ರೆ ಯಾರು ಬೇಕಾದ್ರೂ ಹೇಳ್ತಿದ್ರು ಅಮ್ಮ. ಅಷ್ಟು ಓದಿದವ್ರಿಗೆ ಕೇಳೂಕೆ ಹೊಳೀಲಿಲ್ಲ ನೋಡಿ.” ನನಗೆ ನಗು ಬರಲಿಲ್ಲ. ಅವನು ಮುಂದಿನ ವರ್ಷ ಕಾಯಂ ಆದ.

ಯೂನಿವರ್ಸಿಟಿಗೆ ನಾನೇ ಒಂದು ಕಾಗದ ಬರೆದೆ. ತಪ್ಪು ನನ್ನದು, ಇವರಿಗೆ ಇನ್ನೊಂದು ವರ್ಷ ಕೊಡಿ ಅಂತ. ಅಕ್ಕೋರು ಓದಿ ಮಡಚಿ ವಾಪಸ್ ಕೊಟ್ಟರು. “ಶೀಶೆ ನಂದು ಅಮ್ಮ. ನೋಡಿಕೊಳ್ಳೂದು ನನ್ನ ಕೆಲಸ.” ಅವರೇ ಬರೆದು ಕೇಳಿದರು. ಆಗುವುದಿಲ್ಲ ಅಂತ ಎರಡು ಸಾಲು ಬಂತು. ಪಿಎಚ್‌ಡಿ ಅಲ್ಲಿಗೆ ನಿಂತಿತು.

ಅವರು ನಿಲ್ಲಲಿಲ್ಲ. ಮಳೆಗಾಲ ಮುಗಿದ ಮೇಲೆ ಮತ್ತೊಂದು ಶೀಶೆ ತರಿಸಿದರು. ಮತ್ತೆ ಬಕೆಟ್, ಮತ್ತೆ ಚೀಟಿ. “ಇನ್ನು ಎಂತಕೆ ಅಕ್ಕೋರೆ? ಯಾರೂ ಕೇಳೂದಿಲ್ವಲ್ಲ,” ಅಂದೆ. “ನಾನು ಕೇಳ್ತಾ ಇದ್ದೇನಲ್ಲ,” ಅಂದರು. ಆ ಸಲ ಗಾಜು ಬೆಳಗಿತು. ನನ್ನನ್ನು ಕರೆದುಕೊಂಡು ಹೋಗಿ, ಕತ್ತಲೆ ಮಾಡಿದ ಕೋಣೆಯಲ್ಲಿ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಕನ್ನಡಕದ ಯಂತ್ರಕ್ಕೆ ಕಣ್ಣು ಇಡಿಸಿದರು. ಕಪ್ಪಿನ ನಡುವೆ ಸಣ್ಣ ಸಣ್ಣ ಹಸಿರು ಚುಕ್ಕೆ.

“ಚಂದ ಉಂಟು,” ಅಂದೆ.

“ಅದು ಗಾಯ ಅಮ್ಮ,” ಅಂದರು.

ಹಳ್ಳದ ಬಾಯಿಯ ಬೆಳಚಿನಲ್ಲಿ ಚುಕ್ಕೆ ಬಹಳ, ಅಳಿವೆಯದ್ದರಲ್ಲಿ ಅಲ್ಲೊಂದು ಇಲ್ಲೊಂದು. ಅದನ್ನು ಹೇಳಲು ಇಳಿತದ ಹೊತ್ತಿಗೆ ಮರಳ ದಿಬ್ಬಕ್ಕೇ ಬಂದರು. ಹೆಂಗಸರು ಸುತ್ತ ನಿಂತರು. ತಿಂದರೆ ನಮಗೆ ಎಂತ ಆಗ್ತದೆ ಅಂತ ಒಬ್ಬಳು ಕೇಳಿದಳು. “ಗೊತ್ತಿಲ್ಲ. ಬೆಳಚಿಗೆ ತ್ರಾಸ ಆಗ್ತಾ ಉಂಟು, ಅಷ್ಟೇ ಗೊತ್ತು.” ಎಂತದರಿಂದ ಅಂತ ಇನ್ನೊಬ್ಬಳು. “ಅದೂ ಗೊತ್ತಿಲ್ಲ. ನೋಡ್ಬೇಕು.” “ಮತ್ತೆ ನಾವೆಲ್ಲಿ ಹೆಕ್ಕೂದು, ನಿಮ್ಮ ತೋಟದಲ್ಲಾ?” ಅಂತ ಮೂರನೆಯವಳು ಜೋರಾದಳು. ಅಕ್ಕೋರು ಭರತದ ನೀರು ಏರುವವರೆಗೂ ಅಲ್ಲೇ ನಿಂತು ಬೈಸಿಕೊಂಡರು. ಕೆಲವರು ಜಾಗ ಬದಲಿಸಿದರು, ಕೆಲವರು ಇಲ್ಲ. ನಾನು ಬದಲಿಸಿದೆ.

ಮೊನ್ನೆ ಕಾಲೇಜಿನವರು ಅವರಿಗೆ ಬೀಳ್ಕೊಡುವ ಸಭೆ ಇಟ್ಟಿದ್ದರು. ಆಮಂತ್ರಣದ ಕಾರ್ಡಿನಲ್ಲಿ ಯಾರೋ ಅಭಿಮಾನದಿಂದ ಅವರ ಹೆಸರಿನ ಹಿಂದೆ ‘ಡಾ.’ ಅಂತ ಅಚ್ಚು ಹಾಕಿಸಿದ್ದರು. ನಮ್ಮ ಮನೆಗೆ ಬಂದ ಕಾರ್ಡಿನಲ್ಲಿ ಅದರ ಮೇಲೆ ಶಾಯಿಯ ಗೀಟು ಇತ್ತು. ಹಂಚಿದ ಎಲ್ಲ ಕಾರ್ಡಿಗೂ ಅಕ್ಕೋರು ಕೂತು, ಅಲ್ಲ, ನಿಂತೇ ಇರಬೇಕು, ಒಂದೊಂದಾಗಿ ಗೀಟು ಹಾಕಿದ್ದರಂತೆ.

ಸಭೆಯಲ್ಲಿ ಮಾತಾಡಿದವರೆಲ್ಲ ಡಿಗ್ರಿಯಲ್ಲಿ ಎಂತ ಉಂಟು, ಇವರು ಡಿಗ್ರಿಗಿಂತ ದೊಡ್ಡವರು ಅಂದರು. ಕೇಳಿ ಕೇಳಿ ನನಗೆ ಮೈ ಉರಿಯಿತು. ಮನೆಯೊಡತಿ ಎರಡು ಮಾತು ಹೇಳಲಿ ಅಂತ ನನ್ನನ್ನೂ ವೇದಿಕೆ ಹತ್ತಿಸಿದರು. ನಾನು ಹೇಳಿದೆ: “ಇವರ ಆರು ವರ್ಷದ ಕೆಲಸ ನಾನು ಹಾಳು ಮಾಡಿದೆ. ಮೀನಿನ ಐಸಿಗೆ ಹಾಕೂ ಹಾಂಗೆ ಉಪ್ಪು ಹಾಕಿ ಇವರ ಮದ್ದು ಸಾಯಿಸಿದೆ.”

ಸಭೆ ಗೊಳ್ಳೆಂದು ನಕ್ಕಿತು. ಮುದುಕಿ ತಮಾಷೆ ಮಾಡುತ್ತಾಳೆ ಅಂದುಕೊಂಡರು. ಚಪ್ಪಾಳೆ ಬೇರೆ. ನಾನು ಮೈಕ್ ಹಿಡಿದೇ ನಿಂತೆ.

ಅಕ್ಕೋರು ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

“ನಗೂದಲ್ಲ. ಅವರು ಹೇಳಿದ್ದು ಹೌದು. ಆರು ವರ್ಷದ ಕೆಲಸ ಹೋದದ್ದು ಹೌದು. ನನಗೆ ಆ ಡಿಗ್ರಿ ಬೇಕಿತ್ತು.”

ಅವರು ಮೈಕ್ ಇಟ್ಟು ನನ್ನ ರಟ್ಟೆ ಹಿಡಿದರು. “ಆತು, ಇಳೀರಿ ಅಮ್ಮ. ಮೆಟ್ಲು ನೋಡ್ಕಂಡು.” ಕೆಳಗೆ ಬರುವವರೆಗೂ ಬಿಡಲಿಲ್ಲ. ಹಿಡಿತ ಗಟ್ಟಿಯಿತ್ತು, ನೋವಾಯಿತು.